ಹಳೆಯ ದೇವಾಲಯಕ್ಕೆ ಜಾಗ ಸಾಲದಾಗ ಯಾವ ಗೋಡೆ ತೆಗೆಯಬೇಕು?

ಪ್ರಶ್ನೆ: ನಮ್ಮ ದೇವಾಲಯ (ಚರ್ಚು) ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಕಾಲದ್ದು. ಒಳಗಿನ ಅಳತೆ ಸುಮಾರು 18 ಮೀಟರ್ ಉದ್ದ, 9 ಮೀಟರ್ ಅಗಲ. ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಸುಣ್ಣದ ಗಾರೆ, ಚಾವಣಿ ಹೊರುವ ತ್ರಿಕೋನಾಕಾರದ ಸಾಗುವಾನಿ ಟ್ರಸ್‌ಗಳ ಮೇಲೆ ಮಂಗಳೂರು ಹೆಂಚು. ನಿಂತಿರುವುದು ಎರೆ ಮಣ್ಣಿನ ಮೇಲೆ. ಭಾನುವಾರದ ಆರಾಧನೆಗೆ ಮುನ್ನೂರಕ್ಕೂ ಹೆಚ್ಚು ಜನ ಬರುತ್ತಾರೆ, ಕ್ರಿಸ್‌ಮಸ್ಸಿಗೆ ಅದರ ಎರಡು ಪಟ್ಟು. ಮೂಲೆಗಳಲ್ಲಿ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಸೋರುತ್ತದೆ. ಎರಡೂ ಬದಿಯ ಉದ್ದದ ಗೋಡೆ ಒಡೆದು ಕಾಲಂ ನಿಲ್ಲಿಸಿ, ಹೆಂಚು ಇಳಿಸಿ ಸ್ಲ್ಯಾಬ್ ಹಾಕಿದರೆ ಅಗಲವೂ ಸಿಗುತ್ತದೆ, ಸೋರುವುದೂ ನಿಲ್ಲುತ್ತದೆ, ಮುಂದೆ ಮಹಡಿಯನ್ನೂ ಏರಿಸಬಹುದು ಎಂದು ಗುತ್ತಿಗೆದಾರರು ಹೇಳುತ್ತಾರೆ. ಹಿರಿಯರಲ್ಲಿ ಕೆಲವರು ಪೂರ್ತಿ ಕೆಡವಿ ಹೊಸದು ಕಟ್ಟೋಣ ಎನ್ನುತ್ತಾರೆ. ಬರುವ ಕ್ರಿಸ್‌ಮಸ್ ಒಳಗೆ ಮುಗಿಯಬೇಕೆಂಬುದು ಎಲ್ಲರ ಆಸೆ. ಏನು ಮಾಡೋಣ?
— ಗದಗ ಜಿಲ್ಲೆಯ ಒಂದು ಸಭೆಯ ಹಿರಿಯರು

ಉತ್ತರ: ಮಾನ್ಯರೇ, ಉದ್ದದ ಗೋಡೆಗಳನ್ನು ಮುಟ್ಟಬೇಡಿ. ಸ್ಲ್ಯಾಬ್ ಬೇಡ. ಕೆಡವುವುದೂ ಬೇಡ. ಜಾಗ ಬೇಕಾದರೆ ಬಲಿಪೀಠದ ಹಿಂದಿನ, ಚಾವಣಿಯ ತುದಿ ಮುಚ್ಚುವ ತ್ರಿಕೋನ ಗೋಡೆಯಲ್ಲಿ ಕಮಾನು ತೆರೆದು, ಅದರಾಚೆ ತನ್ನದೇ ಪಾಯದ ಮೇಲೆ ತಾನೇ ನಿಲ್ಲುವ ಹೊಸ ಭಾಗ ಕಟ್ಟಿ. ಹಳೆಯದರ ಭಾರ ಹಳೆಯ ಪಾಯದ ಮೇಲೆಯೇ ಇರಲಿ, ಹೊಸದರ ಭಾರ ಒಂದು ಕಿಲೋ ಕೂಡ ಅದರ ಮೇಲೆ ಬೀಳಬಾರದು. ಇನ್ನು ಕಾರಣಗಳನ್ನು ಹೇಳುತ್ತೇನೆ. ಗುತ್ತಿಗೆದಾರರೊಂದಿಗೆ ಕೂತು ಮಾತನಾಡುವಾಗ ನಿಮಗೆ ಬೇಕಾಗುವುದು ಅವೇ.

ಉದ್ದದ ಗೋಡೆಯಿಂದಲೇ ಶುರು ಮಾಡೋಣ. ಅದು ಬರೀ ಮರೆಗೆ ನಿಂತ ಗೋಡೆಯಲ್ಲ, ಇಡೀ ಚಾವಣಿ ಅದರ ಮೇಲೆ ಕೂತಿದೆ. ಟ್ರಸ್‌ನಲ್ಲಿ ಎರಡು ಓರೆ ತೊಲೆಗಳು ಮೇಲೆ ಒಂದಕ್ಕೊಂದು ಒರಗಿ ಕೆಳಗೆ ಗೋಡೆಗಳನ್ನು ಹೊರಕ್ಕೆ ನೂಕಲು ನೋಡುತ್ತವೆ. ಅವನ್ನು ಎಳೆದು ಹಿಡಿಯುವುದು ಕೆಳಗಿನ ಅಡ್ಡ ತೊಲೆ. ನಿಮ್ಮ ಅಳತೆಗೆ ಲೆಕ್ಕ ಹಾಕಿದರೆ, ಟ್ರಸ್‌ಗಳ ನಡುವೆ 3.6 ಮೀಟರ್ ಅಂತರವಿದೆ ಎಂದುಕೊಂಡು, ಅಡ್ಡ ತೊಲೆ ಕೈಕೊಟ್ಟ ದಿನ ಪ್ರತಿ ಟ್ರಸ್ ಗೋಡೆಯ ತಲೆಯನ್ನು ಸುಮಾರು 1.3 ಟನ್ ಬಲದಿಂದ ಹೊರಗೆ ತಳ್ಳುತ್ತದೆ. ಐದು ಮೀಟರ್ ಎತ್ತರದ, 60 ಸೆಂಟಿಮೀಟರ್ ದಪ್ಪದ ಗೋಡೆ ತನ್ನ ತೂಕದಿಂದ ಅದನ್ನು ತಡೆಯುವುದು ಕಷ್ಟದ ಮೇಲೆ, ಕೂದಲೆಳೆಯ ಅಂತರದಲ್ಲಿ. ಹಾಗಾಗಿ ಮೊದಲು ನೋಡಬೇಕಾದದ್ದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗಳನ್ನು. ಸೋರಿದ ನೀರು ಇಳಿಯುವುದು ಅಲ್ಲಿಗೇ, ಗೆದ್ದಲು ಮನೆ ಮಾಡುವುದೂ ಅಲ್ಲೇ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಸಾಗುವಾನಿ ಟಣ್ ಎನ್ನುತ್ತದೆ, ಒಳಗೆ ಟೊಳ್ಳಾಗಿದ್ದರೆ ಧಬ್ ಎನ್ನುತ್ತದೆ. ಕೆಲವು ಕಡೆ ಫ್ಯಾನು, ಧ್ವನಿವರ್ಧಕ, ತೋರಣ ಕಟ್ಟಲು ಅಡ್ಡ ತೊಲೆಗೆ ತೂತು ಕೊರೆದಿರುತ್ತಾರೆ. ಒಂದು ಕಡೆಯಂತೂ ಫಾಲ್ಸ್ ಸೀಲಿಂಗ್ ಎತ್ತರಿಸಬೇಕೆಂದು ಅದನ್ನೇ ಕೊಯ್ದು ಹಾಕಿದ್ದನ್ನು ನಾನು ಕಂಡಿದ್ದೇನೆ. ಆ ಚಾವಣಿ ಯಾಕೆ ಇನ್ನೂ ನಿಂತಿತ್ತು ಎಂಬುದಕ್ಕೆ ನನ್ನಲ್ಲಿ ಲೆಕ್ಕವಿರಲಿಲ್ಲ.

ತೊಲೆಗಳನ್ನು ನೋಡಿದ ಮೇಲೆ ತೂಗುಗುಂಡು ಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ಪ್ರತಿ ಟ್ರಸ್‌ನ ಕೆಳಗೂ ಅಳೆಯಿರಿ. 60 ಸೆಂಟಿಮೀಟರ್ ಗೋಡೆಯಲ್ಲಿ ಭಾರದ ರೇಖೆ ಮಧ್ಯದಿಂದ 10 ಸೆಂಟಿಮೀಟರ್‌ಗಿಂತ ಆಚೆ ಸರಿದರೆ ಒಂದು ಮಗ್ಗುಲಲ್ಲಿ ಕಲ್ಲುಗಳ ನಡುವೆ ಬಾಯಿ ಬಿಡಲು ಶುರುವಾಗುತ್ತದೆ. ತಲೆಯ ಬಳಿ ಮೂರು ನಾಲ್ಕು ಸೆಂಟಿಮೀಟರ್ ವಾಲಿದ್ದರೆ ಗಾಬರಿ ಬೇಡ, ಹಳೆಯ ಗೋಡೆಗಳೆಲ್ಲ ಅಷ್ಟು ವಾಲಿಯೇ ಇರುತ್ತವೆ. ಗೋಡೆ ವಾಲದೆ ನಡುವೆ ಹೊಟ್ಟೆ ಬಿಟ್ಟಿದ್ದರೆ ಅದು ಬೇರೆಯೇ ರೋಗ. ಈ ಗೋಡೆಗಳು ಒಳಗೊಂದು ಹೊರಗೊಂದು ಕಲ್ಲಿನ ಪದರ ಕಟ್ಟಿ, ನಡುವೆ ಚೂರುಕಲ್ಲು ಗಾರೆ ತುಂಬಿದಂಥವು. ಎರಡೂ ಪದರವನ್ನು ಹಿಡಿಯುವ ಉದ್ದನೆಯ ಬಂಧಕ ಕಲ್ಲುಗಳು ಕಡಿಮೆಯಿದ್ದರೆ ಪದರಗಳು ಬೇರಾಗುತ್ತವೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಅಷ್ಟು ಜನ ಸತ್ತದ್ದಕ್ಕೆ ಮಣ್ಣಿನಲ್ಲಿ ಕಟ್ಟಿದ ಇಂಥ ದಪ್ಪ ಕಲ್ಲುಗೋಡೆಗಳು ಸೀಳಿ ಬಿದ್ದದ್ದು ದೊಡ್ಡ ಕಾರಣ. ನಮ್ಮದು ಭೂಕಂಪವಿಲ್ಲದ ಸೀಮೆ ಎಂದು ನಿಶ್ಚಿಂತೆಯಿಂದ ಇರುವವರಿಗೆ ಇದನ್ನು ನೆನಪಿಸುತ್ತಿರುತ್ತೇನೆ.

ಈಗ ಗುತ್ತಿಗೆದಾರರ ಸ್ಲ್ಯಾಬಿನ ಲೆಕ್ಕ. ರೀಪು ಸಮೇತ ಮಂಗಳೂರು ಹೆಂಚಿನ ತೂಕ ಚದರ ಮೀಟರಿಗೆ 65 ಕಿಲೋ. ಟ್ರಸ್ ಮತ್ತು ಇಳಿಜಾರು ಸೇರಿಸಿದರೂ ನೂರು ದಾಟುವುದಿಲ್ಲ. ಐದು ಅಂಗುಲದ ಕಾಂಕ್ರೀಟ್ ಸ್ಲ್ಯಾಬ್ ಒಂದೇ ಮುನ್ನೂರು ಕಿಲೋ ಮೇಲಾಯಿತು. ಅದರ ಮೇಲೆ ನೀರು ತಡೆಯುವ ಪದರ, ಇಳಿಜಾರಿನ ಕಾಂಕ್ರೀಟ್, ಚಾವಣಿ ಹತ್ತುವವರ ಭಾರ ಕೂಡಿಸಿದರೆ ಐನೂರು ಮುಟ್ಟುತ್ತದೆ. ಈಗ ಟ್ರಸ್‌ನ ಒಂದೊಂದು ತುದಿ ಗೋಡೆಗೆ ಕೊಡುತ್ತಿರುವುದು ಒಂದೂವರೆ ಟನ್‌ನ ಆಸುಪಾಸು. ಅವರ ಯೋಜನೆಯಲ್ಲಿ ಆ ಜಾಗದ ಪ್ರತಿ ಕಾಲಂಗೆ ಬದಿಯ ಹೊಸ ಪಡಸಾಲೆಯ ಪಾಲೂ ಸೇರಿ ಹದಿನೈದು ಟನ್ ಬರುತ್ತದೆ. ಮಹಡಿ ಏರಿಸಿದರೆ ಮೂವತ್ತು ದಾಟುತ್ತದೆ. ಎರೆ ಮಣ್ಣಿಗೆ ಚದರ ಮೀಟರಿಗೆ ಹತ್ತು ಟನ್ ಎಂದು ಹಿಡಿದರೆ ಕಾಲಂ ಒಂದಕ್ಕೆ 1.8 ಮೀಟರ್ ಚೌಕದ ಪಾಯ ಬೇಕು. 3.6 ಮೀಟರಿಗೊಂದು ಅಂಥ ಗುಂಡಿ, ಅದೂ ಹಳೆಯ ಪಾಯಕ್ಕಿಂತ ಆಳವಾಗಿ. ಅಂದರೆ ಗೋಡೆಯ ಉದ್ದದ ಅರ್ಧಭಾಗ ಗುಂಡಿಯ ಬಾಯಲ್ಲಿ ನಿಂತಿರುತ್ತದೆ, ಮೇಲೆ ಹೆಂಚು ಟ್ರಸ್ ಇರುವಾಗಲೇ. ಒಂದು ಒಳ್ಳೆಯ ಮಳೆ ಸಾಕು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದದ್ದನ್ನು ಈ ಭಾಗದವರು ಮರೆತಿಲ್ಲ. ಅದು ಹೊಸ ಕಟ್ಟಡ. ಹಳೆಯದನ್ನು ಅರ್ಧ ಕಿತ್ತು ಅರ್ಧ ಕಟ್ಟುವಾಗ ಎಚ್ಚರ ಇಮ್ಮಡಿಯಾಗಿರಬೇಕು.

ಇಷ್ಟಾದರೂ ಸ್ಲ್ಯಾಬ್ ಬೇಕೆನ್ನುವುದು ಯಾಕೆ? ಸೋರುತ್ತದೆ ಎಂದು. ಹೆಂಚಿನ ಮನೆ ಸೋರುವುದಕ್ಕೆ ಕಾರಣಗಳು ಅಗ್ಗದವು. ಮಂಗ ಒಡೆದ ಹೆಂಚು, ಕೊಳೆತ ರೀಪು, ಇಳಿಜಾರು ಸಾಲದ ಕಡೆ ಹಿಂದಕ್ಕೆ ಹರಿಯುವ ನೀರು. ಎಲ್ಲಕ್ಕಿಂತ ಹೆಚ್ಚಾಗಿ ಬೇರೆ ಬೇರೆ ಕಾರ್ಖಾನೆಯ ಹೆಂಚುಗಳನ್ನು ಬೆರೆಸಿ ಹಾಕಿದ್ದು. ಎಲ್ಲವೂ ಮಂಗಳೂರು ಹೆಂಚೇ ಆದರೂ ಒಂದರ ತೋಡು ಇನ್ನೊಂದರ ಅಂಚಿಗೆ ಕೂರುವುದಿಲ್ಲ. ಹೆಂಚು ಪೂರ್ತಿ ಇಳಿಸಿ ಕಾರ್ಖಾನೆಯ ಮುದ್ರೆ ನೋಡಿ ವಿಂಗಡಿಸಿ, ಒಂದೊಂದು ಮಗ್ಗುಲಿಗೆ ಒಂದೇ ಜಾತಿ ಹಾಕಿ, ಕೆಳಗೆ ನೀರು ತಡೆಯುವ ಹಾಳೆ ಹಾಸಿದರೆ ಮುಗಿಯಿತು. ಕೊಳೆತ ತೊಲೆಯ ತುದಿಯನ್ನು ಮಾತ್ರ ಕೊಯ್ದು, ಹೊಸ ಸಾಗುವಾನಿ ತುಂಡನ್ನು ಎರಡು ಬದಿ ಉಕ್ಕಿನ ಪಟ್ಟಿ, ಬೋಲ್ಟು ಹಾಕಿ ಜೋಡಿಸುವುದು ಒಳ್ಳೆಯ ಬಡಿಗನಿಗೆ ಕಷ್ಟವಲ್ಲ. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಎರಡು ಸೆಂಟಿಮೀಟರ್ ಗಾಳಿಯಾಡಲು ಬಿಡಿ. ಗಾರೆ ಮೆತ್ತಿ ಬಿಗಿದರೆ ಹತ್ತು ವರ್ಷದಲ್ಲಿ ಮತ್ತೆ ಅದೇ ಕಥೆ.

ಮುದ್ರೆಯ ಮಾತು ಬಂತಾದ್ದರಿಂದ ಒಂದು ಎಚ್ಚರ. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಎಂದಿದ್ದರೆ ದೇವಾಲಯ 1865ರದ್ದು ಎಂದು ಫಲಕ ಕೆತ್ತಿಸಿಬಿಡಬೇಡಿ. ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹೆಂಚಿನ ಮೇಲೆ ಆ ಹೆಸರಿದ್ದರೆ ಅದು ಇಪ್ಪತ್ತನೆಯ ಶತಮಾನದ್ದು. ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಆಗಿನ್ನೂ ಮಂಗಳೂರು ಹೆಂಚೇ ಇರಲಿಲ್ಲ. 1880ರ ದಶಕದಲ್ಲಿ ರೈಲು ಬರುವ ತನಕ ಅಷ್ಟು ಭಾರದ ಸರಕನ್ನು ಘಟ್ಟ ಹತ್ತಿಸಿ ಗದಗಿನವರೆಗೆ ಎತ್ತಿನ ಗಾಡಿಯಲ್ಲಿ ತರುವುದು ಸುಲಭದ ಮಾತಾಗಿರಲಿಲ್ಲ. ನಿಮ್ಮ ಗೋಡೆಗಳು ಅದಕ್ಕಿಂತ ಹಳೆಯವಾದರೆ ಈಗಿನ ಚಾವಣಿ ಎರಡನೆಯದಿರಬೇಕು. ಗೋಡೆಯ ತಲೆಯ ಕೊನೆಯ ಎರಡು ಮೂರು ಅಡಿಯಲ್ಲಿ ಕಲ್ಲಿನ ಗಾತ್ರ, ಗಾರೆಯ ಬಣ್ಣ ಬದಲಾಗಿದೆಯೇ ನೋಡಿ. ಬದಲಾಗಿದ್ದರೆ ಅಲ್ಲೊಂದು ದುರ್ಬಲ ಸಂದು ಇದೆ, ಟ್ರಸ್‌ಗಳು ಅದರ ಮೇಲೆಯೇ ಕೂತಿವೆ.

ಬಿರುಕುಗಳ ವಿಚಾರ ನೆಲದ ವಿಚಾರ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲದಲ್ಲಿ ಕೈ ತೂರುವಷ್ಟು ಬಾಯಿ ಬಿಟ್ಟಿರುವುದನ್ನು ನಿಮ್ಮ ಊರಿನವರಿಗೆ ನಾನು ವಿವರಿಸಬೇಕಿಲ್ಲ. ಕಟ್ಟಡದ ಕೆಳಗಿನ ನಡುಭಾಗದ ಮಣ್ಣಿಗೆ ಬಿಸಿಲೂ ತಾಕದು, ಮಳೆಯೂ ತಾಕದು. ಉಬ್ಬಿ ಕುಗ್ಗುವುದೆಲ್ಲ ಅಂಚಿನಲ್ಲಿ, ಅದರಲ್ಲೂ ಎರಡು ಕಡೆಯಿಂದ ಒಣಗುವ ಮೂಲೆಗಳಲ್ಲಿ. ಬೇಸಿಗೆಯಲ್ಲಿ ಮೂಲೆ ಇಳಿದಾಗ ಬಿರುಕು ಮೇಲೆ ಅಗಲ, ಕೆಳಗೆ ಕಿರಿದು. ಮಳೆಗಾಲದ ಕೊನೆಗೆ ಅಂಚು ಎದ್ದಾಗ ಅದು ಮುಚ್ಚಿಕೊಳ್ಳುತ್ತದೆ, ಇಲ್ಲವೇ ಕೆಳಗಿನಿಂದ ತೆರೆಯುತ್ತದೆ. ಹೀಗೆ ಉಸಿರಾಡುವ ಬಿರುಕಿಗೆ ಸಿಮೆಂಟ್ ತುಂಬಿದರೆ ಮುಂದಿನ ವರ್ಷ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ಲಿನಿಂದ ಗುರುತು ಮಾಡಿ, ಪಕ್ಕದಲ್ಲಿ ತಾರೀಖು ಬರೆದು, ಏಪ್ರಿಲ್ ಕೊನೆಗೆ ಮತ್ತು ಅಕ್ಟೋಬರ್ ಮೊದಲಿಗೆ ಅಳೆಯಿರಿ. ಅಗಲ ಹೋಗಿ ಬಂದು ಮಾಡುತ್ತಿದ್ದರೆ ಕಾಯಬಹುದು. ಒಂದೇ ದಿಕ್ಕಿನಲ್ಲಿ ಬೆಳೆಯುತ್ತಲೇ ಇದ್ದರೆ ತಡಮಾಡದೆ ಇಂಜಿನಿಯರನ್ನು ಕರೆಸಿ. ಗೋಡೆಯ ಮೇಲೆ ಪೆನ್ಸಿಲ್ ಗುರುತು ಅಂದವಾಗಿ ಕಾಣುವುದಿಲ್ಲ ಎಂದು ಸುಣ್ಣ ಬಳಿಯುವವರು ಅಳಿಸದಂತೆ ಮಾತ್ರ ನೋಡಿಕೊಳ್ಳಿ.

ಒಂದು ವರ್ಷ ಕಾಯುವ ತಾಳ್ಮೆ ಸಮಿತಿಗೆ ಇಲ್ಲ ಎನ್ನುತ್ತೀರಿ. ಸರಿ, ಆ ವರ್ಷದಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ, ಅದು ನೀರಿನ ಕೆಲಸ. ಚಾವಣಿಯ ಮೇಲೆ ಬಿದ್ದ ಮಳೆಯೆಲ್ಲ ಈಗ ಎಲ್ಲಿಗೆ ಹೋಗುತ್ತಿದೆ? ಹೊರಚಾಚು ಸೇರಿ ಇನ್ನೂರು ಚದರ ಮೀಟರ್ ಮೀರಿದ ಚಾವಣಿ, ಗದಗ ಕಡೆಯ ಸಾಧಾರಣ ಮಳೆ, ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿದ ನೀರು ಗೋಡೆಯ ಬುಡದಿಂದ ಎರಡು ಅಡಿ ದೂರದಲ್ಲಿ ಸುರಿಯುತ್ತಿದೆ. ತಗಡಿನ ದೋಣಿ, ಇಳಿಕೊಳವೆ ಹಾಕಿ ಅದನ್ನು ತೊಟ್ಟಿಗೆ ಒಯ್ಯಿರಿ. ತೊಟ್ಟಿ ಗೋಡೆಯಿಂದ ದೂರವಿರಲಿ, ಸೋರುವ ತೊಟ್ಟಿ ಗೋಡೆಯ ಪಕ್ಕವಿದ್ದರೆ ತೊಟ್ಟಿ ಇಲ್ಲದಿರುವುದೇ ವಾಸಿ. ಕಟ್ಟಡದ ಸುತ್ತ ಎರಡು ಮೀಟರ್ ಅಗಲಕ್ಕೆ ಎರೆ ಮಣ್ಣು ಒಂದಡಿ ತೆಗೆದು, ಗರಸು (ಉಬ್ಬದ ಜಲ್ಲಿಮಣ್ಣು) ತುಂಬಿ ಕುಟ್ಟಿ, ಮೇಲೆ ಹೊರಗೆ ಇಳಿಜಾರಾದ ಹಾಸು ಹಾಕಿ. ಉಬ್ಬದ ಮಣ್ಣಿನ ಪದರ ಎರೆಯ ಉಬ್ಬನ್ನು ಹಿಡಿದಿಡುತ್ತದೆ ಎಂಬುದನ್ನು ಮುಂಬೈ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರು ತೋರಿಸಿಕೊಟ್ಟರು, ನಮ್ಮ ಮಲಪ್ರಭಾ ಕಾಲುವೆಗಳಲ್ಲಿ ಆ ವಿಧಾನ ಬಳಕೆಗೂ ಬಂತು. ಹಾಸು ಮತ್ತು ಗೋಡೆಯ ನಡುವಿನ ಸಂದಿಗೆ ಮಾತ್ರ ಡಾಂಬರು ತುಂಬಿ, ಸಿಮೆಂಟ್ ಅಲ್ಲ.

ಅಂಗಳದ ಮರಗಳ ಬಗ್ಗೆ ನೀವು ಬರೆದಿಲ್ಲ, ಆದರೆ ಇಂಥ ಅಂಗಳದಲ್ಲಿ ಒಂದಾದರೂ ದೊಡ್ಡ ಹುಣಸೆಯೋ ಬೇವೋ ಇರುತ್ತದೆ. ಮರದ ಎತ್ತರದಷ್ಟು ದೂರದೊಳಗೆ ಗೋಡೆಯಿದ್ದರೆ ಬೇರು ಅಲ್ಲಿಯ ನೀರು ಹೀರಿ ಮಣ್ಣನ್ನು ಕುಗ್ಗಿಸುತ್ತದೆ. ಹಾಗೆಂದು ಮರ ಕಡಿಯಲು ಹೊರಡಬೇಡಿ. ನೂರು ವರ್ಷ ಒಣಗಿದ್ದ ಮಣ್ಣು ಮರ ಹೋದ ಮೇಲೆ ನಾಲ್ಕಾರು ಮಳೆಗಾಲ ನೀರು ಕುಡಿದು ಉಬ್ಬಿ ಗೋಡೆಯನ್ನೇ ಎತ್ತುತ್ತದೆ. ಕೊಂಬೆ ಸವರಿ, ಅಷ್ಟೇ ಸಾಕು.

ಇನ್ನು ವಿಸ್ತರಣೆ. ತುದಿಯ ತ್ರಿಕೋನ ಗೋಡೆಯನ್ನೇ ಯಾಕೆ ಆರಿಸಬೇಕೆಂದರೆ, ಅದರ ಮೇಲೆ ಟ್ರಸ್ ಕೂತಿಲ್ಲ. ಕೊನೆಯ ಅಂಕಣದ ಅರ್ಧ ಹೆಂಚು ಮತ್ತು ತನ್ನ ತೂಕ, ಅಷ್ಟೇ ಅದರ ಹೊರೆ. ಎರಡು ತ್ರಿಕೋನ ಗೋಡೆಗಳಲ್ಲಿ ಪ್ರವೇಶದ ಕಡೆಯದನ್ನು, ಗಂಟೆ ಗೋಪುರವಿದ್ದರೆ ಅದನ್ನೂ, ಹಾಗೇ ಬಿಡಿ. ಊರು ನಿಮ್ಮ ದೇವಾಲಯವನ್ನು ಗುರುತಿಸುವುದು ಆ ಮುಖದಿಂದ. ಬಲಿಪೀಠದ ಹಿಂದೆ ಅಡ್ಡಲಾಗಿ 16 ಮೀಟರ್ ಅಗಲ, 8 ಮೀಟರ್ ಆಳದ ಹೊಸ ಸಭಾಂಗಣ ಬಂದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರವಾಗುತ್ತದೆ. ಬಲಿಪೀಠ, ಪ್ರಸಂಗ ಪೀಠಗಳು ಹಳೆಯ ಹೊಸ ಭಾಗಗಳ ನಡುವಿನ ಕಮಾನಿನಾಚೆಗೆ ಬರುತ್ತವೆ. ದಾರಿ ಸೇರಿ ತಲೆಗೆ 0.65 ಚದರ ಮೀಟರ್ ಹಿಡಿದರೆ ಹಳೆಯ ಭಾಗದಲ್ಲಿ ಇನ್ನೂರೈವತ್ತು, ಹೊಸದರಲ್ಲಿ ಪೀಠದ ಜಾಗ ಬಿಟ್ಟು ನೂರೈವತ್ತು ಜನ. ಮುನ್ನೂರಕ್ಕೆ ಧಾರಾಳ. ಕ್ರಿಸ್‌ಮಸ್ಸಿನ ಆರುನೂರು ಜನರಿಗೆ ಕಟ್ಟಡ ಕಟ್ಟಬೇಡಿ, ಪೆಂಡಾಲ್ ಹಾಕಿ. ವರ್ಷದ ಒಂದು ದಿನಕ್ಕೆ ಕಟ್ಟಿದ ಜಾಗವನ್ನು ಉಳಿದೆಲ್ಲ ದಿನ ಗುಡಿಸಬೇಕು, ಸುಣ್ಣ ಬಳಿಯಬೇಕು. ಹಾಗೆ ನೋಡಿದರೆ ಭಾನುವಾರ ಎರಡು ಆರಾಧನೆ ಇಟ್ಟುಕೊಂಡರೆ ಕಟ್ಟುವ ಪ್ರಶ್ನೆಯೇ ಇಲ್ಲ. ಇಂಜಿನಿಯರ್ ಇದನ್ನು ಹೇಳಬಾರದು, ಆದರೂ ಸಭಾಪಾಲಕರೊಂದಿಗೆ ಒಮ್ಮೆ ಮಾತಾಡಿ ನೋಡಿ.

ಕಮಾನು ತೆರೆಯುವ ಕೆಲಸ ಹೀಗೆ. ತೆರಪು ನಾಲ್ಕು ಮೀಟರ್ ಮೀರದಿರಲಿ, ಆಗ ಒಂಬತ್ತು ಮೀಟರ್ ಗೋಡೆಯಲ್ಲಿ ಎರಡೂ ಬದಿಗೆ ಎರಡೂವರೆ ಮೀಟರ್ ಗಟ್ಟಿ ಗೋಡೆ ಉಳಿದು ಕಮಾನಿನ ನೂಕನ್ನು ತಡೆಯುತ್ತದೆ. ಮೇಲಿನ ಕಲ್ಲುಕಟ್ಟು ತಾನೇ ಒಂದು ಕಮಾನಿನಂತೆ ಹಿಡಿದುಕೊಳ್ಳುವುದರಿಂದ ತೆರಪಿನ ಮೇಲೆ ನಿಜವಾಗಿ ಇಳಿಯುವುದು ಒಂದು ತ್ರಿಕೋನದಷ್ಟು ಭಾರ, ಸುಮಾರು ಒಂಬತ್ತೂವರೆ ಟನ್. ತೆರಪಿನ ಮೇಲ್ಗಡೆ ಮೀಟರಿಗೊಂದರಂತೆ ಗೋಡೆಯಲ್ಲಿ ತೂತು ಮಾಡಿ ಉಕ್ಕಿನ ತೊಲೆಗಳನ್ನು ಆರಪಾರ ತೂರಿಸಿ, ಎರಡೂ ಕಡೆ ಜಾಕ್ ಕೊಟ್ಟು, ಆ ಭಾರವನ್ನು ಎತ್ತಿ ಹಿಡಿಯಬೇಕು. ಜಾಕುಗಳು ನಿಲ್ಲುವುದು ಹಾಸುಗಲ್ಲಿನ ಮೇಲಲ್ಲ, ಅದಕ್ಕೆಂದೇ ಹಾಕಿದ ಅಗಲವಾದ ಹಲಗೆ ದಿಮ್ಮಿಗಳ ಮೇಲೆ. ಆಮೇಲೆ ಕೆಳಗಿನ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಕೈಯಿಂದ ಕಲ್ಲು ಬಿಡಿಸುತ್ತ ತೆಗೆಯಬೇಕು. ಬ್ರೇಕರ್ ಯಂತ್ರ ತಂದರೆ ಕೆಲಸ ನಿಲ್ಲಿಸಿ, ಅದರ ನಡುಕಕ್ಕೆ ನಡುವಿನ ಚೂರುಕಲ್ಲೆಲ್ಲ ಕೆಳಗಿಳಿಯುತ್ತದೆ. ಬಿಡಿಸಿದ ಕಲ್ಲಿನಿಂದಲೇ ಹೊಸ ಕಮಾನು ಕಟ್ಟಿ, ಗಾರೆ ಬಲಿತ ಮೇಲೆ ಜಾಕುಗಳನ್ನು ದಿನಕ್ಕಿಷ್ಟೆಂದು ಸಡಿಲಿಸಿ. ನಿಮ್ಮ ಕಿಟಕಿಗಳು ಚೂಪು ಕಮಾನಿನವಾದರೆ ಇದೂ ಅದೇ ಆಕಾರದ್ದಾಗಲಿ, ಚೂಪು ಕಮಾನು ಬದಿಗೆ ನೂಕುವುದೂ ಕಡಿಮೆ.

ಇಲ್ಲೊಬ್ಬ ಬುದ್ಧಿವಂತ ಇಂಜಿನಿಯರ್ ಸಿಗಬಹುದು, ಕಮಾನು ಯಾಕೆ, ಹೊಸ ಪಾಯದ ಮೇಲೆ ಉಕ್ಕಿನ ಚೌಕಟ್ಟು ನಿಲ್ಲಿಸಿ ಹಳೆಯ ಗೋಡೆಯನ್ನು ಅದರ ಮೇಲೆ ಕೂರಿಸೋಣ ಎನ್ನಲು. ಒಪ್ಪಬೇಡಿ. ಹೊಸ ಪಾಯ ಅಲ್ಲಾಡದು, ಹಳೆಯದು ಋತುವಿಗೊಮ್ಮೆ ಏರಿಳಿಯುತ್ತದೆ. ಒಂದೇ ಗೋಡೆಯ ನಡುಭಾಗ ನಿಂತಲ್ಲೇ ನಿಂತು ಎರಡು ತುದಿ ಮಾತ್ರ ಏರಿಳಿದರೆ ಮೂರನೇ ವರ್ಷಕ್ಕೆ ಕಮಾನಿನ ಹೆಗಲಿನಿಂದ ಬಿರುಕು ಹೊರಡುತ್ತದೆ.

ಹೊಸ ಭಾಗದ ಪಾಯಕ್ಕೆ ಅಂಡರ್‌ರೀಮ್ಡ್ ಪೈಲ್ ಸರಿಯಾದದ್ದು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಮಣ್ಣಿಗೆಂದೇ ಬೆಳೆಸಿದ ವಿಧಾನ. 30 ಸೆಂಟಿಮೀಟರ್ ವ್ಯಾಸದ ತೂತನ್ನು ಕೈಯ ಬೈರಿಗೆಯಿಂದ ಮೂರೂವರೆ ಮೀಟರಿಗೂ ಆಳಕ್ಕೆ ಕೊರೆದು, ತಳದಲ್ಲಿ ಅದರ ಎರಡೂವರೆ ಪಟ್ಟು, ಅಂದರೆ 75 ಸೆಂಟಿಮೀಟರ್ ಅಗಲದ ಗಡ್ಡೆ ಬಿಡಿಸಿ, ಸರಳು ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಋತುಮಾನಕ್ಕೆ ಆಡುವ ಮಣ್ಣಿನ ಕೆಳಗೆ ಗಡ್ಡೆ ಸಿಕ್ಕಿಕೊಂಡಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಪೈಲ್ ಏಳುವುದಿಲ್ಲ. ಇಂಥದೊಂದು ಪೈಲ್ ಸುಮಾರು ಹನ್ನೆರಡು ಟನ್ ಹೊರುತ್ತದೆ. ನಿಮ್ಮ ಮಟ್ಟಿಗೆ ದೊಡ್ಡ ಲಾಭವೆಂದರೆ ಹಳೆಯ ಗೋಡೆಯ ಪಕ್ಕ ಕಂದಕ ತೋಡುವ ಪ್ರಮೇಯವೇ ಇಲ್ಲ, ನಡುಕವೂ ಇಲ್ಲ. ಪೈಲ್‌ಗಳ ತಲೆಯ ಮೇಲಿನ ಪ್ಲಿಂತ್ ಬೀಮಿನ (ಹೊಸ ಗೋಡೆ ಹೊರುವ ಅಡಿತೊಲೆಯ) ಕೆಳಗೆ 8 ಸೆಂಟಿಮೀಟರ್ ಟೊಳ್ಳು ಬಿಡಬೇಕು, ಉಬ್ಬಿದ ಮಣ್ಣಿಗೆ ಏಳಲು ಜಾಗ ಬೇಕಲ್ಲ. ನಮ್ಮ ಗೌಂಡಿಗಳಿಗೆ ಈ ಟೊಳ್ಳು ಕಂಡರೆ ಜೀವ ತಡೆಯುವುದಿಲ್ಲ, ಸಂಜೆಯೊಳಗೆ ಕಲ್ಲುಚೂರು ತುಂಬಿ ಕುಟ್ಟಿಬಿಡುತ್ತಾರೆ. ಕಾವಲಿರಿ.

ಕೊರೆಯುವ ಮೊದಲು ಎರಡು ಮೂರು ಕಡೆ ಗುಂಡಿ ತೆಗೆಸಿ ಮಣ್ಣನ್ನು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಪರೀಕ್ಷೆಗೆ ಕೊಡಿ. ಎಷ್ಟು ಆಳದಲ್ಲಿ ಗರಸು ಸಿಗುತ್ತದೆ ಎಂಬುದರ ಮೇಲೆ ಖರ್ಚು ನಿಂತಿದೆ. ಅಕ್ಕಪಕ್ಕದ ಹಳೆಯ ಮನೆಗಳ ಹಿರಿಯರನ್ನು ಆ ಜಾಗದಲ್ಲಿ ಹಿಂದೆ ಹಗೇವು (ನೆಲದೊಳಗಿನ ಕಣಜ) ಇತ್ತೇ ಎಂದೂ ಕೇಳಿ. ಜೋಳ ತುಂಬುತ್ತಿದ್ದ ಹಗೇವು ಮುಚ್ಚಿಹೋಗಿ ಮೇಲೆ ಅಂಗಳವಾಗಿರುವುದು ನಮ್ಮ ಕಡೆ ಸಾಮಾನ್ಯ. ಯಾವ ಪ್ರಯೋಗಾಲಯದ ವರದಿಯಲ್ಲೂ ಅದು ಬರುವುದಿಲ್ಲ.

ಹಳೆಯದು ಹೊಸದು ಸೇರುವಲ್ಲಿ ಎರಡರ ನಡುವೆ 4 ಸೆಂಟಿಮೀಟರ್ ಖಾಲಿ ಬಿಡಿ. ಗೋಡೆಗೆ ಗೋಡೆ ಹಲ್ಲು ಕಚ್ಚಿಸುವುದು, ಹಳೆಯ ಕಲ್ಲಿಗೆ ಸರಳು ಕೊರೆದು ಕಟ್ಟುವುದು ಎರಡೂ ಬೇಡ. ಆ ಸಂದಿಗೆ ಮೇಲೆ ಅಲ್ಯೂಮಿನಿಯಂ ತಗಡು, ಅದೂ ಒಂದು ಕಡೆ ಮಾತ್ರ ಬಿಗಿದದ್ದು. ಹೊಸ ಚಾವಣಿ ಹಗುರವಾದ ಉಕ್ಕಿನ ಟ್ರಸ್ಸಿನ ಮೇಲೆ ಹೆಂಚಿನದೇ ಆಗಲಿ, ಅದರ ನೀರು ಹಳೆಯ ಗೋಡೆಯತ್ತ ಇಳಿಯದಿರಲಿ. ವಿಸ್ತರಿಸಿದ ಕಟ್ಟಡಗಳಲ್ಲಿ ನಾನು ಕಾಣುವ ಹಾನಿಯಲ್ಲಿ ಹೆಚ್ಚಿನದು ಈ ಸಂದಿಯ ದೋಣಿಯಲ್ಲಿ ಎಲೆ ಕಟ್ಟಿಕೊಂಡು ಆದದ್ದು.

ಬಾಲ್ಕನಿ ಮಾಡಿದರೆ ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜನ ಸೇರುವ ಜಾಗಕ್ಕೆ ಚದರ ಮೀಟರಿಗೆ ಅರ್ಧ ಟನ್ ಹಿಡಿಯಬೇಕು. ನಾಲ್ಕು ಮೀಟರ್ ಆಳದ ಬಾಲ್ಕನಿಗೆ ಜನರ ಭಾರವೇ ಹದಿನೆಂಟು ಟನ್. ಅದನ್ನು ಗೋಡೆಗೆ ತೂರಿಸದೆ ಸ್ವಂತ ಕಾಲಂಗಳ ಮೇಲೆ ನಿಲ್ಲಿಸಿದರೂ ಮೆಟ್ಟಿಲು ಎರಡು ಬೇಕು, ಅವು ಕೆಳಗಿನ ನಲವತ್ತು ಸೀಟು ತಿನ್ನುತ್ತವೆ. ನಿಮಗೆ ಲಾಭವಿಲ್ಲ. ಬಾಗಿಲುಗಳು ಹೊರಕ್ಕೆ ತೆರೆಯುವಂತೆ ಮಾಡುವುದು ಮಾತ್ರ ಈಗಲೇ ಮಾಡಿ.

ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಈಗಾಗಲೇ ಬಿದ್ದಿದ್ದರೆ, ಬಹುತೇಕ ಬಿದ್ದೇ ಇರುತ್ತದೆ, ಅದನ್ನು ತೆಗೆಸಿ. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಸಿಮೆಂಟ್ ಅದನ್ನು ಒಳಗೆ ಕೂಡಿಹಾಕಿ ಇನ್ನಷ್ಟು ಎತ್ತರಕ್ಕೆ ಏರಿಸುತ್ತದೆ. ಸವಳು ಹೊರಬಂದು ಬಣ್ಣ ಉದುರುವುದು ಅದಕ್ಕೇ. ತೆಗೆದ ಮೇಲೆ ಗೋಡೆಯನ್ನು ಒಂದು ಬೇಸಿಗೆ ಬತ್ತಲೆ ಬಿಟ್ಟು ಒಣಗಿಸಿ, ಸುಣ್ಣದ ಗಾರೆಯಲ್ಲೇ ಸಂದು ತುಂಬಿ ಗಿಲಾವು ಮಾಡಿ. ಸುಣ್ಣವನ್ನು ಕನಿಷ್ಠ ಕೆಲವು ವಾರ ನೀರಿನಲ್ಲಿ ಅರಳಿಸಿಟ್ಟಿರಬೇಕು. ಬೆಲ್ಲ, ಅಳಲೆಕಾಯಿ ಹಾಕುವುದು ಗೊತ್ತಿದ್ದ ಗೌಂಡಿ ಸಿಕ್ಕರೆ ಹಾಕಲಿ, ಆದರೆ ಹೊಟ್ಟೆಗಿಲ್ಲದ ಗಾರೆಗೆ ಬೆಲ್ಲ ಪವಾಡ ಮಾಡದು. ಮೊದಲು ಮರಳು ತೊಳೆದದ್ದಿರಲಿ, ಅರಳಿದ ಸುಣ್ಣ ಒಣಗದಿರಲಿ. ಹೊಟ್ಟೆ ಬಿಟ್ಟ ಕಡೆ ಮೊದಲು ಬುಡದಿಂದ ಮೇಲಕ್ಕೆ, ಕಡಿಮೆ ಒತ್ತಡದಲ್ಲಿ ಸುಣ್ಣದ ತಿಳಿಗಾರೆ ತುಂಬಿ, ಆಮೇಲೆ ಮೀಟರಿಗೊಂದರಂತೆ ಬಂಧಕ ಕಲ್ಲು ಕೂರಿಸಬೇಕು.

ಅನುಮತಿಯ ವಿಷಯ ಚುಟುಕಾಗಿ. ಆಸ್ತಿ ಟ್ರಸ್ಟಿನ ಹೆಸರಲ್ಲಿರುತ್ತದೆ, ಆದ್ದರಿಂದ ಧಾರವಾಡದ ಸಭಾಪ್ರಾಂತದ (ಬಿಷಪ್ಪರ ಆಡಳಿತದ) ಕಚೇರಿಯ ಲಿಖಿತ ಒಪ್ಪಿಗೆ ಮೊದಲು. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಗುಡಿಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕದ ನೂರು ಮೀಟರ್ ಒಳಗೆ ನೀವಿದ್ದರೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಕಟ್ಟಬಹುದು, ಅನುಮತಿ ಪಡೆದು. ನಕ್ಷೆ ಬರೆಸುವ ಮುನ್ನ ಟೇಪು ಹಿಡಿದು ಅಳೆಯಿರಿ.

ಕ್ರಿಸ್‌ಮಸ್ ಗಡುವಿನ ಬಗ್ಗೆ. ಸುಣ್ಣದ ಕೆಲಸಕ್ಕೆ ನಮ್ಮ ಕಡೆ ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲಿಗೆ ಅದು ಬಲಿಯುವ ಮೊದಲೇ ಒಣಗುತ್ತದೆ, ಜೂನ್ ಮಳೆಗೆ ಕರಗುತ್ತದೆ. ಈ ವರ್ಷ ಹೆಂಚು, ತೊಲೆ, ನೀರಿನ ದಾರಿ, ಬಿರುಕಿನ ಅಳತೆ. ಮುಂದಿನ ಬೇಸಿಗೆಯಲ್ಲಿ ಪೈಲ್ ಮತ್ತು ಹೊಸ ಸಭಾಂಗಣ, ಹಳೆಯ ಗೋಡೆ ಮುಟ್ಟದೆ. ಅದರ ಮುಂದಿನ ಅಕ್ಟೋಬರ್‌ನಲ್ಲಿ ಕಮಾನು ತೆರೆಯುವುದು. ಅಷ್ಟು ದಿನವೂ ಹಳೆಯ ಭಾಗದಲ್ಲಿ ಆರಾಧನೆ ನಡೆಯುತ್ತಿರಬಹುದು, ಜಾಕುಗಳು ನಿಂತ ವಾರಗಳನ್ನು ಬಿಟ್ಟು. ಗುತ್ತಿಗೆಯ ಕರಾರಿಗೆ ಈಗ ಸಹಿ ಹಾಕಬೇಡಿ. ಹಾಕುವ ದಿನ ಚದರ ಅಡಿಗೆ ಇಷ್ಟೆಂಬ ದರ ಹೊಸ ಭಾಗಕ್ಕೆ ಮಾತ್ರ ಇರಲಿ. ಹಳೆಯ ಗೋಡೆಯ ಕೆಲಸಕ್ಕೆ ದಿನಗೂಲಿಯ ಲೆಕ್ಕ ಬರೆಸಿ, ಇಲ್ಲವಾದರೆ ಕಲ್ಲನ್ನು ಒಂದೊಂದಾಗಿ ಬಿಡಿಸುವ ತಾಳ್ಮೆ ಯಾವ ಗೌಂಡಿಗೂ ಗಿಟ್ಟುವುದಿಲ್ಲ.